ವಾಟ್ಸ್ಯಾಪ್ ಗುಂಪು: ಬಿಡುವುದೋ, ಬಾಯಿ ಮುಚ್ಚಿಸುವುದೋ?

ಸಂಘದ ಸಂಪಾದಕ ಮಿತ್ರರು ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆಂದು ಪ್ರತಿವರ್ಷವೂ ನನ್ನಿಂದ ಒಂದು ಲೇಖನವನ್ನು ಕೇಳಿ ಪಡೆಯುವುದು ವಾಡಿಕೆಯಾಗಿಬಿಟ್ಟಿದೆ. ಮಧುಮೇಹ, ರಕ್ತದೊತ್ತಡ, ಮೊಣಕಾಲು ನೋವು ಇವುಗಳ ಕುರಿತು ಬರೆದು ಬರೆದು ಓದುಗರಿಗಿಂತ ಮೊದಲು ನನಗೇ ಬೇಸರ ಬಂದಿದೆ. ಆದುದರಿಂದ ಈ ಬಾರಿ, ವೈದ್ಯಗ್ರಂಥಗಳಲ್ಲಿ ಪ್ರತ್ಯೇಕ ಅಧ್ಯಾಯವನ್ನು ಪಡೆಯದಿದ್ದರೂ ಡೊಂಬಿವಲಿಯ ನನ್ನ ಸಣ್ಣ ದವಾಖಾನೆಗೆ ಬರುವವರಲ್ಲಿ ಬಹುಮಂದಿಯನ್ನು ಕಾಡುತ್ತಿರುವ ಒಂದು ಉಪದ್ರವದ ಬಗ್ಗೆ ನಾಲ್ಕು ಮಾತು ಬರೆಯಲು ವಾಚಕರ ಅಪ್ಪಣೆ ಬೇಡುತ್ತೇನೆ. ಅದು ಕೈಫೋನಿನಲ್ಲಿ ಹಗಲಿರುಳೂ ‘ಟಿಣ್’ ಎನ್ನುವ ವಾಟ್ಸ್ಯಾಪ್ ಗುಂಪುಗಳ ಉಪದ್ರವ. ಈ ವಿಷಯದಲ್ಲಿ ನಾನು ರೋಗಿಯೂ ಹೌದು, ವೈದ್ಯನೂ ಹೌದು. ಒಮ್ಮೆ ತಪ್ಪು ಚಿಕಿತ್ಸೆಯನ್ನೂ ಮಾಡಿಕೊಂಡಿದ್ದೇನೆ.

ಮೊದಲು ನನ್ನ ಸಂಸಾರವನ್ನೇ ಹೇಳುತ್ತೇನೆ. ನನ್ನ ಫೋನಿನಲ್ಲಿ ಇಂದಿಗೆ 27 ಗುಂಪುಗಳಿವೆ. ಸಂಘದ್ದೊಂದು, ಸಂಘದ ಕಾರ್ಯಕಾರಿ ಸಮಿತಿಯದೊಂದು, ನಾವಿರುವ ಸೊಸೈಟಿಯದೊಂದು, ಅದೇ ಸೊಸೈಟಿಯಲ್ಲಿ ನೀರಿನ ಜಗಳವಾದಾಗ ಸಿಡಿದು ಹೊರಬಂದವರದೊಂದು, ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜಿನ ನನ್ನ ಸಹಪಾಠಿಗಳದೊಂದು, ಯಕ್ಷಗಾನ ಪ್ರಿಯರದೊಂದು, ತಾಯಿಯ ಕಡೆಯದು, ತಂದೆಯ ಕಡೆಯದು, ಮಾವನ ಮನೆಯ ಕಡೆಯದು ಇತ್ಯಾದಿ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆಂದು ತೆರೆದ ಗುಂಪೊಂದು, ಕಾರ್ಯ ಮುಗಿದು ಲೆಕ್ಕಪತ್ರ ಒಪ್ಪಿಸಿ ವರ್ಷಗಳು ಕಳೆದರೂ ಇನ್ನೂ ಜೀವಂತವಾಗಿದ್ದು, ಸದ್ಯ ಅದರಲ್ಲಿ ಕ್ರಿಕೆಟ್ಟಿನ ಚರ್ಚೆ ನಡೆಯುತ್ತಿದೆ. ಈ ಗುಂಪುಗಳ ಗಾತ್ರವೂ ಬೆಳೆದಿದೆ. 2016ರಲ್ಲಿ 256 ಮಂದಿಗೆ ಅವಕಾಶವಿತ್ತು. 2022ರಲ್ಲಿ ಅದು ಮೊದಲು 512ಕ್ಕೆ, ವರ್ಷದ ಕೊನೆಗೆ 1024ಕ್ಕೆ ಏರಿತು. ಸಾವಿರದ ಇಪ್ಪತ್ತನಾಲ್ಕು ಮಂದಿ ಒಂದೇ ಜಗಲಿಯ ಮೇಲೆ ಕುಳಿತು ಏಕಕಾಲದಲ್ಲಿ ಮಾತನಾಡಿದರೆ ಅದನ್ನು ನಮ್ಮ ಹಿರಿಯರು ಸಂತೆ ಎಂದು ಕರೆಯುತ್ತಿದ್ದರು.

ಹೊರನಾಡಿನ ಕನ್ನಡಿಗರಾದ ನಮಗೆ ಇದರ ಬಾಧೆ ಸ್ವಲ್ಪ ಹೆಚ್ಚು. ಊರಿನಲ್ಲಿ ಇರುವವನಿಗೆ ಊರು ಕಣ್ಣೆದುರಿಗೇ ಇದೆ. ನಮಗೆ ಅದು ಈ ಆರಂಗುಲದ ಗಾಜಿನೊಳಗೆ ಇದೆ. ಅಲ್ಲಿ ಮೊದಲ ಮಳೆ ಬಿದ್ದದ್ದು, ಹಳ್ಳ ಉಕ್ಕಿದ್ದು, ಶಾಲೆಯ ಹಳೆಯ ಕಟ್ಟಡ ಕೆಡವಿದ್ದು ಎಲ್ಲವೂ ನಮಗೆ ತಿಳಿಯುವುದು ಅದರಿಂದಲೇ. ಹೀಗಾಗಿ ಗುಂಪನ್ನು ಬಿಡುವುದೆಂದರೆ ಊರನ್ನೇ ಎರಡನೆಯ ಬಾರಿಗೆ ಬಿಟ್ಟಂತೆ ಎಂಬ ಅಳುಕು. ಅದರ ಮೇಲೆ ನಮ್ಮ ಮಕ್ಕಳು ಮೊಮ್ಮಕ್ಕಳು ಅಮೆರಿಕೆಯಲ್ಲೋ ಇಂಗ್ಲೆಂಡಿನಲ್ಲೋ ಇರುವುದರಿಂದ, ಅವರು ಸಂಜೆ ಕಚೇರಿಯಿಂದ ಬಂದು ಹುರುಪಿನಿಂದ ಹಾಕುವ ಚಿತ್ರಗಳು ನಮಗೆ ನಡುರಾತ್ರಿಯಲ್ಲೋ ಬೆಳಗಿನ ಜಾವದಲ್ಲೋ ಬಂದು ಇಳಿಯುತ್ತವೆ. ಒಂದೇ ಕುಟುಂಬದ ಗುಂಪಿನಲ್ಲಿ ಯಾರಿಗಾದರೂ ಸದಾ ಹಗಲೇ.

ನಿದ್ದೆ ಬರುವುದಿಲ್ಲವೆಂದು ಮಾತ್ರೆ ಕೇಳಿಕೊಂಡು ಬರುವ ಅರವತ್ತು ದಾಟಿದವರನ್ನು ನಾನು ಈಗ ಮೊದಲು ಕೇಳುವ ಪ್ರಶ್ನೆ, ‘ರಾತ್ರಿ ಫೋನು ಎಲ್ಲಿರುತ್ತದೆ?’ ಎಂಬುದು. ‘ದಿಂಬಿನ ಕೆಳಗೆ, ಡಾಕ್ಟರೇ. ಊರಿನಿಂದ ಏನಾದರೂ ಬಂದರೆ?’ ಎಂಬುದೇ ಸಾಮಾನ್ಯವಾಗಿ ಬರುವ ಉತ್ತರ. ವಯಸ್ಕರಿಗೆ ಏಳು ಗಂಟೆಯಾದರೂ ನಿದ್ದೆ ಬೇಕೆಂಬುದನ್ನು ಎಲ್ಲರೂ ಬಲ್ಲರು. ಆದರೆ ಏಳು ಗಂಟೆ ಹಾಸಿಗೆಯಲ್ಲಿ ಬಿದ್ದಿರುವುದು ಬೇರೆ, ಏಳು ಗಂಟೆ ತುಂಡಾಗದೆ ನಿದ್ರಿಸುವುದು ಬೇರೆ. ಆರೋಗ್ಯವಂತನ ರಕ್ತದೊತ್ತಡವು ರಾತ್ರಿಯ ನಿದ್ದೆಯಲ್ಲಿ ಇಳಿದು, ಹೃದಯಕ್ಕೂ ರಕ್ತನಾಳಗಳಿಗೂ ಒಂದಿಷ್ಟು ವಿಶ್ರಾಂತಿ ಕೊಡುತ್ತದೆ. ಪದೇ ಪದೇ ಎಚ್ಚರವಾಗುವವನಿಗೆ ಆ ವಿಶ್ರಾಂತಿ ಪೂರ್ಣವಾಗಿ ದೊರೆಯುವುದಿಲ್ಲ. ಫೋನನ್ನು ಅಡುಗೆಮನೆಯ ಕಪಾಟಿನ ಮೇಲಿಟ್ಟು ಮಲಗಿರಿ ಎಂದು ಹೇಳಿ ಕಳುಹಿಸಿದವರಲ್ಲಿ ಕೆಲವರು ಮಾತ್ರೆಯಿಲ್ಲದೆಯೇ ಸುಧಾರಿಸಿದ್ದಾರೆ. ಎಲ್ಲರೂ ಸುಧಾರಿಸಿದರೆಂದು ಹೇಳಿದರೆ ಸುಳ್ಳಾದೀತು. ನಿದ್ರಾಹೀನತೆಗೆ ಕಾರಣಗಳು ಹಲವು, ಅವುಗಳಲ್ಲಿ ಅರ್ಧ ಮನಸ್ಸಿನವು.

ಹಗಲಿನ ಕಥೆಯೂ ಇಷ್ಟೇ. ಸಂದೇಶವನ್ನು ತೆರೆದು ಓದಿದರೆ ಮಾತ್ರ ಕಾಲಹರಣ, ಕೇವಲ ಸದ್ದು ಕೇಳಿಸಿಕೊಂಡು ಸುಮ್ಮನಿದ್ದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ಅಮೆರಿಕೆಯ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಫೋನನ್ನು ಮುಟ್ಟದೆಯೇ ಇದ್ದವರು ಕೂಡ, ಸೂಚನೆಯ ಸದ್ದೋ ಕಂಪನವೋ ಬಂದ ಮಾತ್ರದಿಂದ ಕೈಯಲ್ಲಿದ್ದ ಕೆಲಸದಲ್ಲಿ ಹೆಚ್ಚು ತಪ್ಪು ಮಾಡಿದ್ದು ಕಂಡುಬಂದಿತು. ಯಾರಿರಬಹುದು, ಏನಿರಬಹುದು ಎಂದು ಮನಸ್ಸು ಅತ್ತ ಓಡಿರುತ್ತದೆ. ಕೈ ಸುಮ್ಮನಿದ್ದರೇನು ಫಲ? ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದುಕೊಂಡು ಬಂದ ಒಬ್ಬ ಗೃಹಿಣಿಯ ಮುಂಗೈಗೆ ನಾನು ಹೊಲಿಗೆ ಹಾಕುತ್ತಿದ್ದಾಗಲೂ ಅವರ ಚೀಲದಲ್ಲಿದ್ದ ಫೋನು ಟಿಣ್ ಎನ್ನುತ್ತಲೇ ಇತ್ತು, ಅವರ ಕಣ್ಣು ನನ್ನ ಸೂಜಿಯನ್ನು ಬಿಟ್ಟು ಚೀಲದ ಕಡೆಗೇ ಇತ್ತು.

ಇಷ್ಟೆಲ್ಲ ಉಪದೇಶ ಮಾಡುವ ನಾನು ನನಗೆ ಮಾಡಿಕೊಂಡ ಚಿಕಿತ್ಸೆಯನ್ನು ಈಗ ಹೇಳಬೇಕು. ಗುಂಪನ್ನು ಸುಮ್ಮನಾಗಿಸುವ, ಅಂದರೆ ಮ್ಯೂಟ್ ಮಾಡುವ ಸೌಕರ್ಯ ಹಿಂದಿನಿಂದಲೂ ಇತ್ತು. ಎಂಟು ಗಂಟೆ, ಒಂದು ವಾರ, ಒಂದು ವರ್ಷ ಎಂದು ಅವಧಿಗಳಿದ್ದವು. 2020ರ ಅಕ್ಟೋಬರದಲ್ಲಿ ಆ ‘ಒಂದು ವರ್ಷ’ದ ಬದಲಿಗೆ ‘ಸದಾಕಾಲ’ ಎಂಬುದು ಬಂತು. ಅದರ ಮೇಲೆ ಆರ್ಕೈವ್ ಎಂಬ ಕಪಾಟಿನೊಳಗೆ ಗುಂಪನ್ನು ಇಟ್ಟುಬಿಟ್ಟರೆ, 2021ರ ಬದಲಾವಣೆಯ ನಂತರ, ಹೊಸ ಸಂದೇಶ ಬಂದರೂ ಅದು ಹೊರಗೆ ಇಣುಕುವುದಿಲ್ಲ. ತಾಯಿಯ ಕಡೆಯ ಗುಂಪಿನಲ್ಲಿ ಬೆಳಗಾದರೆ ಹೂವಿನ ಚಿತ್ರಗಳು, ಮಧ್ಯಾಹ್ನ ರಾಜಕೀಯ, ರಾತ್ರಿ ಮತ್ತೆ ಹೂವು. ನಾನು ಅದನ್ನು ಸದಾಕಾಲಕ್ಕೂ ಸುಮ್ಮನಾಗಿಸಿ ಕಪಾಟಿನೊಳಗೆ ಇಟ್ಟೆ. ಎರಡು ವರ್ಷ ಸುಖವಾಗಿದ್ದೆ.

2023ರ ನವೆಂಬರದಲ್ಲಿ, ದೀಪಾವಳಿ ಕಳೆದು ಒಂದು ವಾರವಾಗಿತ್ತು. ಒಂದು ರಾತ್ರಿ ಒಂಬತ್ತರ ಸುಮಾರಿಗೆ, ಯಾರದೋ ಮದುವೆಯ ಹಳೆಯ ಚಿತ್ರವನ್ನು ಹುಡುಕಲೆಂದು ಆ ಕಪಾಟನ್ನು ತೆರೆದೆ. ಓದದಿದ್ದ ಸಂದೇಶಗಳು ಇನ್ನೂರಕ್ಕೂ ಮಿಕ್ಕಿದ್ದವು. ಮೇಲಕ್ಕೆ ಸರಿಸುತ್ತ ಹೋದಂತೆ ಮುಗಿದ ಕೈಗಳ ಸಾಲು ಕಾಣಿಸಿತು; ಒಂದರ ಕೆಳಗೊಂದು, ‘ಓಂ ಶಾಂತಿ’, ಮುಗಿದ ಕೈ, ‘ಓಂ ಶಾಂತಿ’. ಅದರ ಮೂಲವನ್ನು ಹುಡುಕಿದರೆ ಅಂದು ಬೆಳಗಿನ 5 ಗಂಟೆ 40 ನಿಮಿಷಕ್ಕೆ ಚಿಕ್ಕಮ್ಮನ ಮಗ ಹಾಕಿದ ಎರಡು ಸಾಲು: ಆಯಿ ಬೆಳಗಿನ ಜಾವ ತೀರಿಕೊಂಡರು, ಸಂಸ್ಕಾರ ಇಂದೇ.

ಕುಮಟೆಯ ಆ ಚಿಕ್ಕಮ್ಮನ ಮನೆಯಲ್ಲಿಯೇ ನಾನು ಹೈಸ್ಕೂಲಿನ ಮೂರು ವರ್ಷ ಇದ್ದದ್ದು. ಬೆಳಿಗ್ಗೆ ಗಂಜಿ ಬಡಿಸಿ, ಮಳೆಗಾಲದಲ್ಲಿ ನನ್ನ ಪುಸ್ತಕಗಳಿಗೆ ಅಡಿಕೆ ಹಾಳೆಯ ಹೊದಿಕೆ ಮಾಡಿ ಕಳುಹಿಸುತ್ತಿದ್ದಾಕೆ. ಹುಬ್ಬಳ್ಳಿಗೆ ಓದಲು ಹೋದಾಗ ಹದಿನೈದು ದಿನಕ್ಕೊಮ್ಮೆ ಒಂದು ಕಾರ್ಡು ತಪ್ಪದೆ ಬರುತ್ತಿತ್ತು. ಬೆಳಿಗ್ಗೆಯೇ ತಿಳಿದಿದ್ದರೆ ಗೋವೆಯವರೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಬಾಡಿಗೆಯ ಕಾರು ಹಿಡಿದು, ಸಂಜೆಯೊಳಗೆ ಮುಟ್ಟಬಹುದಾಗಿತ್ತು.

ತಮ್ಮನಿಗೆ ಫೋನು ಮಾಡಿದೆ. ಆತ ಸಿಟ್ಟಾಗಲಿಲ್ಲ. ‘ಅಣ್ಣಾ, ಗ್ರೂಪಿನಲ್ಲಿ ಹಾಕಿದ್ದೆನಲ್ಲ’ ಎಂದ. ಸ್ವಲ್ಪ ತಡೆದು, ‘ಎಲ್ಲರ ಉತ್ತರವೂ ಬಂತು. ನಿನ್ನದೂ ಬಂದಿರಬೇಕು ಅಂದುಕೊಂಡೆ. ನೀನು ಹೊರಟಿದ್ದರೆ ಎಂದು ಮೂರು ಗಂಟೆಯವರೆಗೆ ಕಾದೆವು’ ಎಂದ. ಆಮೇಲೆ ಎಣಿಸಿ ನೋಡಿದೆ. ಮುಗಿದ ಕೈಗಳು ಐವತ್ತಮೂರು ಇದ್ದವು. ಐವತ್ತಮೂರರಲ್ಲಿ ಒಂದು ಇಲ್ಲದಿರುವುದು, ಆ ಗಳಿಗೆಯಲ್ಲಿ, ತಾಯಿಯನ್ನು ಕಳೆದುಕೊಂಡವನ ಕಣ್ಣಿಗೆ ಹೇಗೆ ತಾನೆ ಕಂಡೀತು?

ತಪ್ಪು ಯಾರದೆಂದು ಆ ಚಳಿಗಾಲವೆಲ್ಲ ನನ್ನೊಳಗೆ ವಾದ ನಡೆಯಿತು. ಒಮ್ಮೆ ತಮ್ಮನದೆನಿಸುತ್ತಿತ್ತು, ಒಂದು ಕರೆ ಮಾಡಲಾಗಲಿಲ್ಲವೇ ಎಂದು. ಮರುಕ್ಷಣ, ಕಪಾಟಿಗೆ ಬೀಗ ಹಾಕಿದವನು ನಾನಲ್ಲವೇ ಎಂದು. ಇಂದಿಗೂ ಪೂರ್ತಿ ತೀರ್ಮಾನವಾಗಿಲ್ಲ. ಆದರೆ ಒಂದು ಸಂಗತಿ ಸ್ಪಷ್ಟವಾಗಿದೆ, ಈ ಲೇಖನವನ್ನು ಬರೆಯಹೊರಟದ್ದೂ ಅದಕ್ಕಾಗಿಯೇ. ಸಂದೇಶಗಳು ಹೆಚ್ಚಿರುವುದು ನಮ್ಮ ಕಷ್ಟದ ಮೂಲವಲ್ಲ. ಎಲ್ಲ ಸಂದೇಶಗಳಿಗೂ ಒಂದೇ ಸದ್ದು ಇರುವುದೇ ಮೂಲ.

ಹಿಂದೆ ಹಾಗಿರಲಿಲ್ಲ. ಲಗ್ನಪತ್ರಿಕೆಯ ಮೂಲೆಗೆ ಅರಿಶಿನ ಕುಂಕುಮ ಹಚ್ಚಿರುತ್ತಿತ್ತು. ಒಡೆಯುವ ಮೊದಲೇ ಮನೆಯವರ ಮುಖ ಅರಳುತ್ತಿತ್ತು. ಸಾವಿನ ಕಾಗದದ ತಲೆಯ ಮೇಲೆ ‘ಶ್ರೀ’ ಇರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅಜ್ಜಿ ಅಂಥ ಕಾರ್ಡನ್ನು ಹೊಸ್ತಿಲು ದಾಟಿಸಗೊಡುತ್ತಿರಲಿಲ್ಲ. ಜಗಲಿಯಲ್ಲಿಯೇ ನಿಂತು ಓದಿ, ಹರಿದು ಹಾಕಿ, ಸ್ನಾನಕ್ಕೆ ಹೋಗಬೇಕಾಗಿತ್ತು. ತಂತಿ ಬಂತೆಂದರೆ ಓಣಿಯ ನಾಲ್ಕು ಮನೆಯವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಆ ತಂತಿಯ ಸೇವೆಯೂ 2013ರ ಜುಲೈಯಲ್ಲಿ ನಿಂತುಹೋಯಿತು. ಅಂದಿನ ಅಂಚೆಯವನು ಎಲ್ಲವನ್ನೂ ಒಂದೇ ಚೀಲದಲ್ಲಿ ತಂದರೂ, ನಮ್ಮ ಕೈಗೆ ಬರುವಾಗ ಪ್ರತಿಯೊಂದರ ಮೇಲೂ ಅದರದರ ತೂಕ ಬರೆದಿರುತ್ತಿತ್ತು. ಇಂದಿನ ಯಂತ್ರಕ್ಕೆ ಗೋಡಂಬಿಯ ರಿಯಾಯಿತಿ ಮಾರಾಟವೂ ಚಿಕ್ಕಮ್ಮನ ಮರಣವೂ ಒಂದೇ ‘ಟಿಣ್’. ಆದ್ದರಿಂದ ನಾವು ಮೌನ ಹೇರುವಾಗಲೂ ಎರಡರ ಮೇಲೂ ಹೇರಿಬಿಡುತ್ತೇವೆ.

ಹಾಗಾದರೆ ಗುಂಪನ್ನು ಬಿಟ್ಟೇಬಿಡಬಹುದೇ? ಒಂದು ಕಾಲದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ನನ್ನ ಷಡ್ಡಕರು 2019ರ ಚುನಾವಣೆಯ ದಿನಗಳಲ್ಲಿ ಮಾತಿಗೆ ಮಾತು ಬೆಳೆದು ಮಾವನ ಮನೆಯ ಗುಂಪಿನಿಂದ ಹೊರಬಿದ್ದರು. ‘ಇಂಥವರು ಬಿಟ್ಟು ಹೋದರು’ ಎಂದು ಯಂತ್ರವೇ ಎಲ್ಲರೆದುರು ಸಾರಿತು. ಪಂಕ್ತಿಯಲ್ಲಿ ಮೊಸರನ್ನ ಬರುವ ಮೊದಲೇ ಎಲೆ ಬಿಟ್ಟು ಎದ್ದುಹೋದಂತೆ ಆಯಿತು. ಆ ವರ್ಷದ ಗೃಹಪ್ರವೇಶಕ್ಕೆ ಅವರಿಗೆ ಆಮಂತ್ರಣ ಮುಟ್ಟಿದ್ದು ಹಿಂದಿನ ದಿನ. ಬೇಕೆಂದೇ ಹಾಗೆ ಮಾಡಿದರೆಂದು ಅವರು, ಗುಂಪಿನಲ್ಲಿ ಇರಲಿಲ್ಲವಾದ್ದರಿಂದ ಮರೆತುಹೋಯಿತೆಂದು ಇವರು. 2022ರ ಆಗಸ್ಟಿನಲ್ಲಿ ಪ್ರಕಟವಾದ ಬದಲಾವಣೆಯಿಂದ ಈಗ ಸದ್ದಿಲ್ಲದೆ ಹೊರಬರಬಹುದು, ತಿಳಿಯುವುದು ಅಡ್ಮಿನರಿಗೆ ಮಾತ್ರ. ಬಿಟ್ಟವರ ಪಟ್ಟಿ ಅರುವತ್ತು ದಿನಗಳವರೆಗೆ ಹುಡುಕುವವರಿಗೆ ಸಿಗುತ್ತದೆಂಬುದು ನಿಜವಾದರೂ, ಹುಡುಕುವಷ್ಟು ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ಕ್ರಿಕೆಟ್ಟಿನ ದೇವಸ್ಥಾನದ ಗುಂಪನ್ನು ನಾನು ಈ ಲೇಖನ ಅಚ್ಚಿಗೆ ಹೋಗುವ ಮೊದಲು ಬಿಡುವವನಿದ್ದೇನೆ. ಅಂಥವನ್ನು ಬಿಡಲು ಯಾರೂ ಸಂಕೋಚಪಡಬೇಕಾಗಿಲ್ಲ. ಕೇಳದೆಯೇ ನಮ್ಮನ್ನು ಸೇರಿಸಿಬಿಡುವ ಉತ್ಸಾಹಿಗಳಿಗೂ ಉಪಾಯವಿದೆ. ಯಾರು ತನ್ನನ್ನು ಗುಂಪಿಗೆ ಸೇರಿಸಬಹುದೆಂದು ನಿರ್ಧರಿಸುವ ಹಕ್ಕು 2019ರಿಂದ ಪ್ರತಿಯೊಬ್ಬರ ಕೈಯಲ್ಲಿಯೇ ಇದೆ.

ಆದರೆ ಎಲ್ಲ ಗುಂಪುಗಳನ್ನೂ ಹೀಗೆ ತೂರಿಬಿಡಬಾರದೆಂದು ನನಗೆ ಕಲಿಸಿದವರು ನಮ್ಮ ಪಕ್ಕದ ಕಟ್ಟಡದಲ್ಲಿ ಒಂಟಿಯಾಗಿರುವ, ಎಪ್ಪತ್ತೆಂಟು ವರ್ಷದ ಒಬ್ಬ ತಾಯಿ. ಭಜನಾ ಮಂಡಳಿಯ ಐವರು ಹೆಂಗಸರ ಒಂದು ಪುಟ್ಟ ಗುಂಪು ಅವರದು. ಬೆಳಿಗ್ಗೆ ಎದ್ದ ಕೂಡಲೇ ಪ್ರತಿಯೊಬ್ಬರೂ ಒಂದು ಹೂವಿನ ಚಿತ್ರ ಹಾಕಬೇಕು, ಅಷ್ಟೇ. ಈ ‘ಶುಭೋದಯ’ಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಡ್ಡೆ, ಅವರೆದುರಿಗೇ ನಕ್ಕಿದ್ದೆ. ಒಂದು ದಿನ ಎಂಟೂವರೆಯಾದರೂ ಅವರ ಹೂವು ಬರಲಿಲ್ಲ. ಉಳಿದ ನಾಲ್ವರಲ್ಲಿ ಒಬ್ಬರು ಫೋನು ಮಾಡಿ, ಉತ್ತರ ಬಾರದೆ, ನೆರೆಯವರಿಂದ ಬಾಗಿಲು ತೆರೆಸಿದರು. ಇನ್ಸುಲಿನ್ ಚುಚ್ಚಿಕೊಂಡು, ತಿಂಡಿ ತಿನ್ನುವುದನ್ನು ಮರೆತು, ರಕ್ತದಲ್ಲಿ ಸಕ್ಕರೆ ಇಳಿದು, ಬೆವರಿ, ಮಾತು ತೊದಲುತ್ತ ಕುರ್ಚಿಯಲ್ಲಿ ಕುಸಿದು ಕುಳಿತಿದ್ದರು. ನಾನು ಓಡಿಹೋಗುವಷ್ಟರಲ್ಲಿ, ನುಂಗಲು ಶಕ್ತಿಯಿದ್ದುದರಿಂದ, ಸಕ್ಕರೆ ನೀರು ಕುಡಿಸಿದ್ದರು. ಅರ್ಧ ಗಂಟೆಯಲ್ಲಿ ಎದ್ದು ಕುಳಿತು, ‘ಇವತ್ತಿನ ಹೂ ಹಾಕಲಿಲ್ಲ’ ಎಂದು ಫೋನು ಕೇಳಿದರು.

ಅಂದಿನಿಂದ ನಾನು ಹೂವುಗಳನ್ನು ನೋಡಿ ನಗುವುದನ್ನು ಬಿಟ್ಟಿದ್ದೇನೆ. ಆ ಹೂವು ಅವರ ಹಾಜರಿ. ಐದು ಮಂದಿಯಲ್ಲಿ ಒಬ್ಬರ ಗೈರುಹಾಜರಿ ಕಣ್ಣಿಗೆ ರಾಚುತ್ತದೆ. ಐನೂರರಲ್ಲಿ ರಾಚುವುದಿಲ್ಲ, ಐವತ್ತಮೂರರಲ್ಲಿಯೂ ರಾಚಲಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ನಾನು ಬಾರದಿದ್ದುದು ಯಾರಿಗಾದರೂ ತಿಳಿಯುವಷ್ಟು ಚಿಕ್ಕದಾಗಿರುವ ಗುಂಪಿನ ಬಾಯಿ ಮುಚ್ಚಿಸಬಾರದು, ಉಳಿದವುಗಳ ಬಾಯಿ ನಿಶ್ಚಿಂತೆಯಿಂದ ಮುಚ್ಚಿಸಬಹುದು ಎಂಬುದು ನನ್ನ ಈಗಿನ ಅಳತೆಗೋಲು.

ವೈದ್ಯರು, ಶಿಕ್ಷಕರು, ಓದಿದವರು ಎನಿಸಿಕೊಂಡವರು ದೊಡ್ಡ ಗುಂಪುಗಳಿಂದ ಪೂರ್ತಿ ಕಣ್ಮರೆಯಾಗುವುದರಲ್ಲಿ ಇನ್ನೊಂದು ತೊಡಕಿದೆ. ಒಬ್ಬಂಟಿಯಾಗಿರುವಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಿರಿ, ಬದುಕುತ್ತೀರಿ ಎಂಬ ಸಂದೇಶ ವರ್ಷಕ್ಕೆ ಮೂರು ಬಾರಿಯಾದರೂ ನನ್ನ ಬಳಿಗೆ ತಿರುಗಿ ಬರುತ್ತದೆ. ಮಿಂಚಂಚೆಯ ಕಾಲದಿಂದಲೂ ಸುತ್ತುತ್ತಿರುವ ಈ ಸಲಹೆಯನ್ನು ನಂಬಿ ಕೆಮ್ಮುತ್ತ ಕುಳಿತರೆ, 108ಕ್ಕೆ ಕರೆ ಮಾಡಬೇಕಾದ ಅಮೂಲ್ಯ ನಿಮಿಷಗಳು ಕಳೆದುಹೋಗುತ್ತವೆ. ಸುಳ್ಳೆಂದು ಬಲ್ಲವನು ಗುಂಪಿನಲ್ಲಿದ್ದೂ ಮ್ಯೂಟ್ ಮಾಡಿ ಮಲಗಿದ್ದರೆ ಅದನ್ನು ತಡೆಯುವವರು ಯಾರು? 2018ರ ಜುಲೈಯಲ್ಲಿ ನಮ್ಮ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವದಂತಿ ಫೋನಿನಿಂದ ಫೋನಿಗೆ ಹಾರಿ, ಹೈದರಾಬಾದಿನಿಂದ ಬಂದಿದ್ದ ತರುಣನೊಬ್ಬನನ್ನು ಜನ ಹೊಡೆದು ಕೊಂದರು. ಅದಕ್ಕೆ ಎರಡು ವಾರಗಳ ಹಿಂದಷ್ಟೇ ನಾವಿರುವ ಇದೇ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರು ಹೀಗೆಯೇ ಸತ್ತಿದ್ದರು. ಆ ತಿಂಗಳಲ್ಲಿಯೇ, ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ ಐದಕ್ಕಿಂತ ಹೆಚ್ಚು ಕಡೆ ದಾಟಿಸಲಾಗದಂತೆ ಕಂಪನಿಯವರು ಮಿತಿ ಹಾಕಿದರು. ಯಂತ್ರದ ಮಿತಿ ಒಳ್ಳೆಯದೇ. ‘ಸ್ವಲ್ಪ ತಾಳಿ, ವಿಚಾರಿಸೋಣ’ ಎನ್ನುವ ಒಂದು ಕಂಠ ಗುಂಪಿನೊಳಗೆ ಇರುವುದು ಅದಕ್ಕಿಂತ ಒಳ್ಳೆಯದು. ಹಾಗಾಗಿ ಸಂಘದ ದೊಡ್ಡ ಗುಂಪಿನ ಸದ್ದನ್ನು ನಾನು ನಿಲ್ಲಿಸಿದ್ದೇನೆಯೇ ಹೊರತು ಗುಂಪನ್ನು ಬಿಟ್ಟಿಲ್ಲ. ಔಷಧದ ವಿಷಯದಲ್ಲಿ ಸುಳ್ಳು ಕಂಡರೆ ಎರಡು ಸಾಲು ಬರೆಯುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ.

ಸದ್ದು ನಿಲ್ಲಿಸಿದ ಮೇಲೆ ನೋಡುವುದು ಯಾವಾಗ? ಇದಕ್ಕೆ ನಮ್ಮ ದೇಶದಲ್ಲಿಯೇ 237 ಮಂದಿಯ ಮೇಲೆ ಎರಡು ವಾರ ನಡೆಸಿ 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ದಾರಿ ತೋರಿತು. ಸೂಚನೆಗಳು ದಿನಕ್ಕೆ ಮೂರೇ ಬಾರಿ, ಕಟ್ಟಾಗಿ ಬರುವಂತೆ ಮಾಡಿದವರಲ್ಲಿ ಗಮನವೂ ಮನಸ್ಸಿನ ಸ್ಥಿತಿಯೂ ಉತ್ತಮಗೊಂಡವು. ಒಂದೂ ಬಾರದಂತೆ ಮಾಡಿದವರಿಗೆ ಅಂಥ ಲಾಭವಾಗಲಿಲ್ಲ. ಬದಲಿಗೆ, ಏನನ್ನು ಕಳೆದುಕೊಂಡೆವೋ ಎಂಬ ಆತಂಕ ಹೆಚ್ಚಿತು. ಹಳೆಯ ಅಂಚೆಯವನ ಕ್ರಮವೂ ಇದೇ ಅಲ್ಲವೇ? ಬೆಳಗಿನ ಬಟವಾಡೆ, ಸಂಜೆಯ ಬಟವಾಡೆ. ಈಗ ನಾನು ಬೆಳಿಗ್ಗೆ ಕಾಫಿಯಾದ ಮೇಲೆ, ಮಧ್ಯಾಹ್ನ ಊಟದ ನಂತರ, ರಾತ್ರಿ ಎಂಟಕ್ಕೆ, ಹೀಗೆ ಮೂರು ಸಲ ಕಪಾಟು ತೆರೆಯುತ್ತೇನೆ. ಫೋನಿನ ಕರೆಯ ಗಂಟೆಯನ್ನು ಮಾತ್ರ ನಿಲ್ಲಿಸುವುದಿಲ್ಲ. ಹಜಾರದಲ್ಲಿ ಇಟ್ಟು ಮಲಗಿದರೂ ಅದು ಕೇಳಿಸುತ್ತದೆ.

ಇದು ಫಲಿಸಬೇಕಾದರೆ ಸುದ್ದಿ ಕೊಡುವವರೂ ತಮ್ಮ ಪಾಲಿನ ಕೆಲಸ ಮಾಡಬೇಕು. ಗುಂಪಿನಲ್ಲಿ ಹಾಕಿದ್ದನ್ನು ತಿಳಿಸಿದ್ದೆಂದು ಎಣಿಸಬಾರದು. ಸಾವು, ಆಸ್ಪತ್ರೆ, ತುರ್ತು ರಕ್ತದ ಅಗತ್ಯ, ಈ ಮೂರಕ್ಕಾದರೂ ಬಾಯಿಂದ ಕಿವಿಗೆ ಸುದ್ದಿ ಹೋಗಬೇಕು. ದುಃಖದಲ್ಲಿರುವ ಮಗನೇ ಐವತ್ತು ಕರೆ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಅಂದು ನನ್ನ ತಮ್ಮನಿಂದ ಅದನ್ನು ನಿರೀಕ್ಷಿಸಿದ್ದು ನನ್ನದೇ ಅವಿವೇಕ. ಹಿಂದೆ ಸಾವಾದ ಮನೆಯಿಂದ ಸುದ್ದಿ ಹೇಳಿಬರಲು ಹೋಗುತ್ತಿದ್ದವರು ನೆರೆಯವರು. ಈಗಲೂ ನೆರೆಯವರೋ ಅಳಿಯನೋ ಆ ಭಾರ ಹೊತ್ತು, ಹತ್ತು ಮನೆಗಳಿಗೆ ಕರೆ ಮಾಡಿ, ಆ ಹತ್ತು ಮನೆಯವರು ತಲಾ ನಾಲ್ಕು ಕಡೆಗೆ ಮಾಡಿದರೆ ಅರ್ಧ ಗಂಟೆಯ ಕೆಲಸ.

ಸಂಘದ ಪದಾಧಿಕಾರಿಗಳಲ್ಲಿ ಒಂದು ವಿನಂತಿಯಿದೆ. ಅಡ್ಮಿನರು ಮಾತ್ರ ಬರೆಯಬಹುದಾದ ಗುಂಪನ್ನು ಮಾಡುವ ಅನುಕೂಲ 2018ರಿಂದಲೂ ಇದೆ. ಕಾರ್ಯಕ್ರಮದ ಪ್ರಕಟಣೆಗೆ ಅಂಥದೊಂದನ್ನು ಪ್ರತ್ಯೇಕವಾಗಿ ತೆರೆದರೆ, ಹರಟೆಯ ಗುಂಪಿನ ಬಾಯಿ ಮುಚ್ಚಿಸಿದವರಿಗೂ ರಾಜ್ಯೋತ್ಸವದ ದಿನಾಂಕ ತಪ್ಪುವುದಿಲ್ಲ. ಅದರ ಜೊತೆಗೆ, ನಮ್ಮ ಸದಸ್ಯರಲ್ಲಿ ಒಂಟಿಯಾಗಿರುವ ಹಿರಿಯರನ್ನು ಅವರವರ ಬಡಾವಣೆಗೆ ತಕ್ಕಂತೆ ಐದೈದು ಮಂದಿಯ ಪುಟ್ಟ ಗುಂಪುಗಳಾಗಿ ಜೋಡಿಸುವ ಕೆಲಸವನ್ನು ಮಹಿಳಾ ವಿಭಾಗದವರು ಕೈಗೆತ್ತಿಕೊಳ್ಳಬಹುದೆಂದು ತೋರುತ್ತದೆ. ಅದಕ್ಕೆ ಹಣ ಬೇಡ, ಸಭಾಂಗಣ ಬೇಡ; ದಿನಕ್ಕೊಂದು ಹೂವು ಸಾಕು. ಡೊಂಬಿವಲಿ ಪೂರ್ವದ ಭಾಗಕ್ಕೆ ಬೇಕಾದರೆ ನನ್ನ ಹೆಸರನ್ನೂ ಬರೆದುಕೊಳ್ಳಿರಿ.

ನನ್ನ ಫೋನ್ ಸಂಖ್ಯೆ ಸಂಘದ ಕಚೇರಿಯ ಹಳೆಯ ದಿನಚರಿಯಲ್ಲಿದೆ. ವಾಟ್ಸ್ಯಾಪಿನಲ್ಲಿ ಬರೆದರೆ ರಾತ್ರಿ ಎಂಟಕ್ಕೆ ಓದುತ್ತೇನೆ. ಕರೆ ಮಾಡಿದರೆ ಯಾವ ಹೊತ್ತಿನಲ್ಲಿಯಾದರೂ ಎತ್ತುತ್ತೇನೆ.